ವೈವಾ ಮುಗಿಯಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು

ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಆಯಿತು. ಆರು ವರ್ಷ ಹಣ್ಣುನೊಣದ ರೆಕ್ಕೆ ನೋಡಿಕೊಂಡು ಕೂತಿದ್ದೆ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿ ಈಗ ಬರೆಯುತ್ತಿದ್ದೇನೆ.

ಮೊದಲು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪಾಠ ಮಾಡಿದ ಮೇಡಂಗೆ. ಎಂಎಸ್ಸಿಯಲ್ಲಿ ಒಂದು ಮಧ್ಯಾಹ್ನ ಮೈಕ್ರೋಸ್ಕೋಪ್ ಕೆಳಗೆ ಎರಡು ರೆಕ್ಕೆ ಇಟ್ಟು "ನೋಡಮ್ಮ" ಅಂದರು, ಅಷ್ಟೇ. ಒಂದರ ಅಂಚು ಯಾರೋ ಕಚ್ಚಿದ ಹಾಗಿತ್ತು. ಇನ್ನೊಂದರ ನಾಳಗಳು (ಎಲೆಯಲ್ಲಿ ಗೆರೆ ಇರುತ್ತದಲ್ಲ, ಹಾಗೆ) ಅಂಚು ಮುಟ್ಟುವಲ್ಲಿ ಅಗಲವಾಗಿ, ನದಿ ಸಮುದ್ರ ಸೇರುವ ಜಾಗದ ಥರ ಹರಡಿದ್ದವು. ಮೊದಲನೆಯದು ನಾಚ್, ಎರಡನೆಯದು ಡೆಲ್ಟಾ. ಆ ಹೆಸರಿನ ಜೀನ್ ಕೆಟ್ಟರೆ ರೆಕ್ಕೆ ಹೀಗಾಗುತ್ತದೆ, ಜೀನ್‌ಗಳಿಗೆ ಹೆಸರು ಬಂದದ್ದೇ ಹೀಗೆ. ಹಣ್ಣುನೊಣದಲ್ಲಿ ಜೀನ್‌ಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಮಾರ್ಗನ್ ಅವರ ಲ್ಯಾಬಿನವರು 1910ರ ದಶಕದಲ್ಲೇ ನಾಚ್ ನೊಣಗಳನ್ನು ನೋಡಿದ್ದರು. ನಾನು ಅವತ್ತು ಆ ಕುರ್ಚಿಯಿಂದ ಏಳಲೇ ಇಲ್ಲ.

ಆಮೇಲೆ ನನ್ನ ಗೈಡ್ ಸರ್. "ನಾಚ್ ಏನು ಮಾಡುತ್ತೆ ಅಂತ ಕೇಳಬೇಡ. ಆ ಹೊತ್ತಲ್ಲಿ ಜೊತೆಗೆ ಇನ್ಯಾವ ಸಂಕೇತ ಬರ್ತಿದೆ ಅಂತ ಕೇಳು" ಅಂತ ಮೊದಲ ವಾರವೇ ಹೇಳಿದ್ದರು. ನನ್ನ ಥೀಸಿಸ್ ಹುಟ್ಟಿದ್ದು ಆ ಮಾತಿನಿಂದ. ರೆಕ್ಕೆ ಬೆಳೆಯುವಾಗ ನಾಳವಾಗುವ ಕೋಶಗಳಲ್ಲಿ ಇಜಿಎಫ್‌ಆರ್ ಸಂಕೇತ ("ನಾಳವಾಗು" ಅಂತ ಕೋಶಕ್ಕೆ ಹೇಳುವಂಥದ್ದು) ಜೋರಾಗಿರುತ್ತದೆ. ರೋಂಬಾಯ್ಡ್ ಅನ್ನುವ ಜೀನ್ ಅದನ್ನು ಹೊತ್ತಿಸುತ್ತದೆ. ಅದೇ ಕೋಶಗಳು ತಮ್ಮ ಮೈಮೇಲೆ ಡೆಲ್ಟಾ ಪ್ರೋಟೀನನ್ನೂ ಇಟ್ಟುಕೊಳ್ಳುತ್ತವೆ. ಅದು ಪಕ್ಕದ ಕೋಶದ ನಾಚ್ ಪ್ರೋಟೀನನ್ನು ಮುಟ್ಟುತ್ತದೆ, ನಾಚ್ ಅಲ್ಲಿ ರೋಂಬಾಯ್ಡನ್ನು ನಂದಿಸುತ್ತದೆ. ಹಾಗಾಗಿ ನಾಳ ಕೆಲವೇ ಕೋಶಗಳಷ್ಟು ಅಗಲಕ್ಕೆ ನಿಲ್ಲುತ್ತದೆ. ಡೆಲ್ಟಾ ಕಮ್ಮಿಯಾದರೆ ತಡೆಯುವವರಿಲ್ಲ, ನಾಳ ದಪ್ಪಗಾಗುತ್ತದೆ. ಇಜಿಎಫ್‌ಆರ್ ಕಮ್ಮಿಯಾದರೆ ನಾಳಗಳೇ ಮಾಯ. ಹೀಗೆ ರೆಕ್ಕೆಯಲ್ಲಿ ನಾಚ್ ಮತ್ತು ಇಜಿಎಫ್‌ಆರ್ ಎದುರಾಳಿಗಳು. ಆದರೆ ಕಣ್ಣಿನಲ್ಲಿ ಇವೇ ಎರಡು ಒಟ್ಟಿಗೆ ದುಡಿಯುತ್ತವೆ. ಅಲ್ಲಿ ಪ್ರತಿ ಪುಟ್ಟ ಗುಂಪಿನ, ಬೆಳಕನ್ನು ಗ್ರಹಿಸುವ ಎಂಟು ಕೋಶಗಳಲ್ಲಿ ಏಳನೆಯದಕ್ಕೆ ಎರಡೂ ಬೇಕು. ನಾಚ್ ಸಿಗದಿದ್ದರೆ ಅದು ಬೇರೆ ಬಗೆಯ ಕೋಶವಾಗಿಬಿಡುತ್ತದೆ. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಮೈ ಜುಮ್ಮೆನ್ನುತ್ತದೆ.

2020ರ ಲಾಕ್‌ಡೌನ್‌ನಲ್ಲಿ ನಾನು ಊರಲ್ಲಿ ಸಿಕ್ಕಿಹಾಕಿಕೊಂಡೆ. ನೊಣಗಳನ್ನು ಬೀಜದ ಥರ ಡಬ್ಬಿಯಲ್ಲಿ ಎತ್ತಿಡೋಕಾಗಲ್ಲ. 18 ಡಿಗ್ರಿಯಲ್ಲಿಟ್ಟರೂ ಮೂರ್ನಾಲ್ಕು ವಾರಕ್ಕೊಮ್ಮೆ ಹೊಸ ಆಹಾರದ ವಯಲ್‌ಗೆ (ಪುಟ್ಟ ಸೀಸೆಗೆ) ದಾಟಿಸಲೇಬೇಕು, ಅದಕ್ಕೇ ಫ್ಲಿಪ್ ಅನ್ನೋದು. ಆಗ ಕ್ಯಾಂಪಸ್ಸಿನಲ್ಲೇ ಇದ್ದ ನನ್ನ ಸೀನಿಯರ್ ಅಕ್ಕ ತನ್ನ ಸ್ಟಾಕ್‌ಗಳ (ಸಾಕಿದ ನೊಣದ ತಳಿಗಳ) ಜೊತೆ ನನ್ನ ನೂರಕ್ಕೂ ಜಾಸ್ತಿ ವಯಲ್‌ಗಳನ್ನು ಒಬ್ಬಳೇ ಫ್ಲಿಪ್ ಮಾಡಿದಳು. ನಾನು ಕೇಳಿರಲೂ ಇಲ್ಲ. ವಾಪಸ್ ಹೋದಾಗ ಲೇಬಲ್ಲುಗಳೆಲ್ಲ ಅವಳ ದುಂಡು ಅಕ್ಷರದಲ್ಲಿದ್ದವು. ಡೆಲ್ಟಾ ವಯಲ್ ಮೇಲೆ "ಹುಷಾರಾಗಿವೆ" ಅಂತ ಬರೆದಿತ್ತು. ಅದನ್ನು ಓದಿ ಫ್ಲೈ ರೂಮಿನಲ್ಲೇ ಅತ್ತುಬಿಟ್ಟೆ. ಥೀಸಿಸ್‌ನ ಮೂರನೇ ಅಧ್ಯಾಯದಲ್ಲಿರುವುದು ಆ ವಯಲ್‌ನ ಸಂತಾನವೇ. ಅಕ್ಕಾ, ನಿನ್ನ ಋಣ ತೀರಿಸೋಕಾಗಲ್ಲ.

ಆ ದಿನಗಳಲ್ಲೂ ಬಂದು ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗಾರ್ ಹಾಕಿ ನೊಣದ ಆಹಾರ ಕುದಿಸಿದ ಕಿಚನ್ ಅಣ್ಣನಿಗೆ ಕೈಮುಗಿಯುತ್ತೇನೆ. ಅವರಿಲ್ಲದಿದ್ದರೆ ಅಕ್ಕನಿಗೂ ಏನೂ ಮಾಡೋಕಾಗ್ತಿರಲಿಲ್ಲ.

ಅಪ್ಪ ಅಮ್ಮ ವೈವಾಕ್ಕೆ ಬಂದಿದ್ದರು. ಅಮ್ಮ ಮೈಕ್ರೋಸ್ಕೋಪಿನಲ್ಲಿ ರೆಕ್ಕೆ ನೋಡಿ "ಇಷ್ಟು ಚೆಂದ ಇರುತ್ತಾ!" ಅಂದರು.

ನನ್ನ ಸ್ಟಾಕ್‌ಗಳನ್ನು ಲ್ಯಾಬಿಗೆ ಹೊಸದಾಗಿ ಸೇರಿದ ತಮ್ಮನಿಗೆ ಒಪ್ಪಿಸಿದ್ದೇನೆ. ಡೆಲ್ಟಾ ಎರಡನೇ ಟ್ರೇಯಲ್ಲಿದೆ ಕಣೋ, ಗುರುವಾರ ಫ್ಲಿಪ್ ಮಾಡಬೇಕು.