ಅಟ್ಟದ ಮೇಲಿನ ಕಾಮಿಕ್ಸ್ ತೂಕಕ್ಕೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

1939ರಲ್ಲಿ ಹತ್ತು ಸೆಂಟಿಗೆ ಮಾರಾಟವಾಗಿದ್ದ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯ ಒಂದು ಪ್ರತಿ 2025ರ ನವೆಂಬರಿನಲ್ಲಿ ಅಮೆರಿಕದ ಹರಾಜೊಂದರಲ್ಲಿ 91 ಲಕ್ಷ ಡಾಲರಿಗೆ, ನಮ್ಮ ಲೆಕ್ಕದಲ್ಲಿ ಸುಮಾರು 80 ಕೋಟಿ ರೂಪಾಯಿಗೆ ಹೋದ ಸುದ್ದಿಯನ್ನು ನಿಮ್ಮ ಓದುಗರಲ್ಲಿ ಅನೇಕರು ಗಮನಿಸಿರುತ್ತಾರೆ. ತೀರಿಕೊಂಡ ತಾಯಿಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಅದು ಮಕ್ಕಳ ಕೈಗೆ ಸಿಕ್ಕಿತ್ತಂತೆ. ಆ ಸುದ್ದಿ ಬಂದಾಗಿನಿಂದ, ನಾನು ಹಳೆಯ ಕಾಮಿಕ್ಸ್ ಕೂಡಿಡುವವನೆಂದು ಬಲ್ಲ ನೆಂಟರೂ ಬ್ಯಾಂಕಿನ ಹಳೆಯ ಸಹೋದ್ಯೋಗಿಗಳೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ‘ನಮ್ಮನೇಲೂ ಹಳೇ ಫ್ಯಾಂಟಮ್ ಕಾಮಿಕ್ಸ್ ಇದೆ, ಎಷ್ಟು ಬರಬಹುದು?’ ಎಲ್ಲರಿಗೂ ಸೇರಿಸಿ ಇಲ್ಲಿಯೇ ಉತ್ತರ ಹೇಳುತ್ತೇನೆ. ಎಂಬತ್ತು ಕೋಟಿ ಬರುವುದಿಲ್ಲ, ಎಂಬತ್ತು ಸಾವಿರವೂ ಬರುವುದಿಲ್ಲ. ಆದರೆ ಹೆಚ್ಚು ಬೆಲೆ ಬರುವುದಿಲ್ಲವೆಂದು ತಿಳಿದ ಮರುದಿನವೇ ಆ ಕಟ್ಟನ್ನು ಹಳೇ ಪೇಪರಿನವನ ತಕ್ಕಡಿಗೆ ಇಡುವ ಆತುರ ಮಾತ್ರ ಬೇಡ. ಹಾಗೆ ಇಟ್ಟಿದ್ದರಿಂದಲೇ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಹತ್ತು ಕನ್ನಡ ಪುಸ್ತಕಗಳು ಈಗ ಹುಡುಕಿದರೂ ನನ್ನ ಕಣ್ಣಿಗೆ ಬೀಳುತ್ತಿಲ್ಲ; ಆ ನಷ್ಟದಲ್ಲಿ ನನ್ನದೂ ಒಂದು ಪಾಲಿದೆ.

ಪುರಾಣ, ಇತಿಹಾಸದ ಕಥೆಗಳ ಕಾಮಿಕ್ಸ್ ಮಾಲಿಕೆ ‘ಅಮರ ಚಿತ್ರ ಕಥೆ’ ಎಂದೊಡನೆ ಎಲ್ಲರೂ ಮುಂಬೈಯನ್ನೂ ಅದರ ಸಂಪಾದಕ ಅನಂತ ಪೈ ಅವರನ್ನೂ, ಅವರ ಇಂಗ್ಲಿಷ್ ಪುಸ್ತಕಗಳನ್ನೂ ನೆನೆಯುತ್ತಾರೆ. ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅವರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲೇಬೇಕು. ಆದರೆ ಇಂಗ್ಲಿಷ್ ಮಾಲಿಕೆ ‘ಕೃಷ್ಣ’ನಿಂದ ಶುರುವಾಗುತ್ತದೆ, ಆ ‘ಕೃಷ್ಣ’ನ ಸಂಖ್ಯೆ 11. ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಎಲ್ಲಿ ಹೋದವು ಎಂಬ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿದೆ. ಆ ಮಾಲಿಕೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಇಲ್ಲಿನ ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ, ಜಾಕ್ ಮತ್ತು ಹುರುಳಿ ಬಳ್ಳಿ, ಸಿಂಡರೆಲ್ಲಾ, ಅಲ್ಲಾದೀನ, ಪಿನೋಕಿಯೊ ಮುಂತಾದ ಹೊರನಾಡಿನ ಮಕ್ಕಳ ಕಥೆಗಳನ್ನು ಚಿತ್ರಗಳ ಸಮೇತ ಕನ್ನಡದಲ್ಲಿ ತಂದರು. ಮೊದಲ ಹತ್ತು ಅಮರ ಚಿತ್ರ ಕಥೆಗಳು ಅವೇ. ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬೈಯವರ ಕಣ್ಣು ಈ ಕಡೆ ಬಿದ್ದದ್ದು. ಮುಂದೆ ಇಡೀ ದೇಶ ಓದಿದ ಮಾಲಿಕೆಯೊಂದು ಕನ್ನಡದಲ್ಲಿ ಆರಂಭವಾಯಿತೆಂಬ ಸಂಗತಿಯನ್ನು ಅನಂತರಾಮ್ ಅವರೇ ಬಹಳ ಕಾಲದ ನಂತರ ಪತ್ರಿಕೆಗೆ ಹೇಳಿಕೊಂಡದ್ದನ್ನು ಓದಿದಾಗ, ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಏಕೆಂದರೆ ಆ ಪುಸ್ತಕಗಳು ಒಮ್ಮೆ ನನ್ನ ಕೈಗೆ ಬಂದಿದ್ದವು.

1991ರ ಜುಲೈ ತಿಂಗಳ ಕೊನೆಯ ವಾರ. ಹನುಮಂತನಗರದ ಅಡ್ಡರಸ್ತೆಯೊಂದರಲ್ಲಿ ದಿನಬಾಡಿಗೆಗೆ ಕಾದಂಬರಿ, ವಾರಪತ್ರಿಕೆ, ಕಾಮಿಕ್ಸ್ ಕೊಡುತ್ತಿದ್ದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಮುಚ್ಚುತ್ತಿತ್ತು. ವಯಸ್ಸಾದ ಮಾಲೀಕರು ಮಕ್ಕಳ ಪುಸ್ತಕಗಳನ್ನೆಲ್ಲ ಒಂದು ತಗಡಿನ ಟ್ರಂಕಿಗೆ ತುಂಬಿ, ಟ್ರಂಕೂ ಸೇರಿ ಆರುನೂರು ರೂಪಾಯಿ ಎಂದರು. ನಾನು ನೆಲದ ಮೇಲೆ ಕುಳಿತು ಒಂದೊಂದನ್ನೇ ಎತ್ತಿ ನೋಡಿದೆ. ಮೇಲುಗಡೆ ಫ್ಯಾಂಟಮ್, ಮಾಂಡ್ರೇಕ್ ಕಥೆಗಳ ಕನ್ನಡದ ಇಂದ್ರಜಾಲ ಕಾಮಿಕ್ಸ್‌ಗಳಿದ್ದವು. ಪ್ರತಿಯೊಂದರ ಮುಖಪುಟದ ಮೇಲೂ ಲೈಬ್ರರಿಯ ನೇರಳೆ ಮೊಹರು ಬಿದ್ದಿತ್ತು. ತಳದಲ್ಲಿ ಗೋಣಿದಾರದಲ್ಲಿ ಕಟ್ಟಿದ್ದ ತೆಳ್ಳನೆಯ ಏಳೆಂಟು ಪುಸ್ತಕಗಳು. ಮೇಲಿನದರಲ್ಲಿ ಸಿಂಡರೆಲ್ಲಾ, ಅದರ ನೆತ್ತಿಯ ಮೇಲೆ ಕನ್ನಡದಲ್ಲಿ ಅಮರ ಚಿತ್ರ ಕಥೆ ಎಂಬ ಹೆಸರು. ‘ಅಮರ ಚಿತ್ರ ಕಥೆಯಲ್ಲಿ ಸಿಂಡರೆಲ್ಲಾಳಿಗೇನು ಕೆಲಸ?’ ಎಂದು ಒಂದು ಕ್ಷಣ ಅನ್ನಿಸಿದ್ದು ಇಂದಿಗೂ ನೆನಪಿದೆ. ಆ ಪ್ರಶ್ನೆಯ ಬೆನ್ನು ಹತ್ತಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು. ನನಗೋ ಆಗ ಫ್ಯಾಂಟಮ್ ಮತ್ತು ಮಾಂಡ್ರೇಕ್ ಬಿಟ್ಟರೆ ಬೇರೆ ದೇವರಿಲ್ಲ. ಇಂಗ್ಲಿಷರ ಅಜ್ಜಿಕಥೆಗಳು ನಮಗೇಕೆಂದು ಆ ಕಟ್ಟನ್ನು ಪಕ್ಕಕ್ಕೆ ತಳ್ಳಿ, ಆರು ಫ್ಯಾಂಟಮ್‌ಗಳನ್ನು ಇಪ್ಪತ್ತು ರೂಪಾಯಿಗೆ ಕೊಂಡೆ. ಆ ತಿಂಗಳ ಚೀಟಿ ಕಂತು ಬಾಕಿಯಿತ್ತು. ಒಂದನೇ ತಾರೀಖು ಸಂಬಳವಾದ ಮೇಲೆ ಬಂದು ಟ್ರಂಕನ್ನೇ ಒಯ್ಯುವುದಾಗಿ ಹೇಳಿ ಹೊರಟೆ. ಮುಂಗಡವೆಂದು ಐವತ್ತು ರೂಪಾಯಿಯನ್ನಾದರೂ ಕೊಟ್ಟು ಬರಬೇಕೆಂಬ ಬುದ್ಧಿ ಬರಲಿಲ್ಲ. ಎರಡನೇ ತಾರೀಖು ಹೋದಾಗ ಮಳಿಗೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಮಾಲೀಕರು ಪಕ್ಕದ ಹೋಟೆಲಿನಲ್ಲಿ ಸಿಕ್ಕರು. ‘ಎರಡು ದಿನ ಕಾದೆ ಸ್ವಾಮಿ. ಕಟ್ಟಡದವರು ಖಾಲಿ ಮಾಡು ಅಂದರು. ಟ್ರಂಕು ಮನೆಗೆ ಹೋಯ್ತು, ಪುಸ್ತಕ ತೂಕಕ್ಕೆ ಹೋಯ್ತು’ ಎಂದರು. ಕಿಲೋಗೆ ಮೂರು ರೂಪಾಯಿಯಂತೆ.

ಅಮೆರಿಕದಲ್ಲಿ ಆ ಮೊದಲ ‘ಸೂಪರ್‌ಮ್ಯಾನ್’ ಕಾಲದ ಕಾಮಿಕ್ಸ್‌ಗಳು ವಿರಳವಾಗಲು ಎರಡನೇ ಮಹಾಯುದ್ಧದ ದಿನಗಳಲ್ಲಿ ಮನೆಮನೆಯಿಂದ ಹಳೆಯ ಕಾಗದ ಸಂಗ್ರಹಿಸಿ ಗಿರಣಿಗೆ ಕಳುಹಿಸಿದ್ದು ಒಂದು ದೊಡ್ಡ ಕಾರಣ. ನಮ್ಮಲ್ಲಿ ಅದಕ್ಕೆ ಯುದ್ಧವೇ ಬೇಕಾಗಲಿಲ್ಲ. ‘ಹಳೇ ಪೇಪರ್, ಖಾಲಿ ಬಾಟ್ಲಿ’ ಎಂಬ ಕೂಗು ವರ್ಷವಿಡೀ ಬೀದಿಯಲ್ಲಿ ಕೇಳುತ್ತಲೇ ಇರುತ್ತದೆ. ಅದರ ಜೊತೆಗೆ ನಮ್ಮ ಮಕ್ಕಳ ಪುಸ್ತಕಗಳು ಒಬ್ಬ ಹುಡುಗನ ಕೈಯಲ್ಲಿ ಉಳಿಯುವಂಥವಲ್ಲ. ಅಣ್ಣನಿಂದ ತಮ್ಮನಿಗೆ, ಅಲ್ಲಿಂದ ಪಕ್ಕದ ಮನೆಗೆ, ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಬರುವಷ್ಟರಲ್ಲಿ ಮುಖಪುಟ ಹೋಗಿರುತ್ತಿತ್ತು. ಒಂದು ವರ್ಷ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಾನು ಕೊಂಡ ಹುರಿದ ಕಾಯಿಯ ಪೊಟ್ಟಣ ಬಿಚ್ಚಿದಾಗ ಒಳಗಡೆ ಮಾಂಡ್ರೇಕನ ಟೋಪಿಯೂ ಅರ್ಧ ಕನ್ನಡ ಸಂಭಾಷಣೆಯೂ ಕಾಣಿಸಿದವು. ಗಾಡಿಯವನ ಬಳಿ ಮರಳಿ ಹೋಗಿ ಉಳಿದ ಹಾಳೆಗಳನ್ನು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೆರಡು ಸೇರು ಕಾಯಿ ಕೊಂಡರೆ ಇನ್ನೆರಡು ಹಾಳೆ ಬರುತ್ತದೆಂದ.

ಅದೃಷ್ಟದ ಕಥೆಯೇ ಇಲ್ಲವೆಂದಲ್ಲ. ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹಳೆಯ ಪಠ್ಯಪುಸ್ತಕ ಮಾರುವವರ ಹತ್ತಿರ, ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ನೆರೆಯುವ ಸಂಡೆ ಬಜಾರಿನಲ್ಲಿ, ಈಚಿನ ವರ್ಷಗಳಲ್ಲಿ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ನನಗೆ ಸಿಕ್ಕಿರುವುದು ಕಡಿಮೆಯೇನಲ್ಲ. ಆದರೆ ಇದನ್ನು ಅದೃಷ್ಟವೆಂದು ಕರೆಯುವವರು ಬೆಳಿಗ್ಗೆ ಆರೂವರೆಗೆ ಅಲ್ಲಿ ನಿಂತವರಲ್ಲ. ಗುಜರಿಯವನು ಮೂಟೆ ಬಿಚ್ಚುವ ಹೊತ್ತಿಗೂ, ಇತರ ವ್ಯಾಪಾರಿಗಳು ಬಂದು ಒಳ್ಳೆಯದನ್ನು ಆರಿಸಿಕೊಳ್ಳುವ ಹೊತ್ತಿಗೂ ನಡುವೆ ಇರುವುದು ಅರ್ಧ ಗಂಟೆ. ಅಷ್ಟರಲ್ಲಿ ಸಿಗಬೇಕು, ಸಿಕ್ಕಿದ್ದರ ಮೇಲೆ ಆಸೆಯಿದೆಯೆಂದು ಮುಖದಲ್ಲಿ ತೋರಬಾರದು. ಒಮ್ಮೆ ಅವೆನ್ಯೂ ರಸ್ತೆಯಲ್ಲಿ ಪಿಯುಸಿ ಗೈಡುಗಳ ರಾಶಿಯ ಕೆಳಗೆ ಹದಿನಾಲ್ಕು ಇಂದ್ರಜಾಲ ಕಾಮಿಕ್ಸ್ ಕಂಡವು. ನಾನು ಒಂದು ಕೆಮಿಸ್ಟ್ರಿ ಗೈಡನ್ನು ಹಿಡಿದು ಕಾಲು ಗಂಟೆ ಚೌಕಾಸಿ ಮಾಡಿ, ಕೊನೆಯಲ್ಲಿ ‘ಈ ಮಕ್ಕಳ ಪುಸ್ತಕಗಳನ್ನೂ ಹಾಕ್ಕೊಡಪ್ಪ’ ಎಂದೆ. ತಲಾ ಎರಡು ರೂಪಾಯಿಗೆ ಬಂದವು. ಗೈಡಿಗೆ ಮಾತ್ರ ಹನ್ನೆರಡು ರೂಪಾಯಿ ತೆತ್ತಿದ್ದೆ. ಮನೆಗೆ ಬಂದು ತೆರೆದರೆ ಮೂರು ಪುಸ್ತಕಗಳ ನಡುಹಾಳೆಯೇ ಇರಲಿಲ್ಲ. ಪಿನ್ನು ಸಡಿಲವಾದಾಗ ಮೊದಲು ಉದುರುವುದು ಆ ಹಾಳೆಯೇ. ಕೊಳ್ಳುವ ಮೊದಲು ಪುಟ ಎಣಿಸಬೇಕೆಂಬ ಪಾಠಕ್ಕೆ ಆರು ರೂಪಾಯಿ ಹೆಚ್ಚೇನಲ್ಲ.

ಮನೆಯಲ್ಲಿ ಹಳೆಯ ಕಟ್ಟು ಇರುವವರು ಹಾಗಾದರೆ ಏನನ್ನು ನೋಡಬೇಕು? ಮೊದಲು ಮುಖಪುಟದ ಬೆಲೆ ನೋಡಿ. ಜನಪ್ರಿಯ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾಗಿವೆ, ಪ್ರತಿ ಮುದ್ರಣದಲ್ಲೂ ಬೆಲೆ ಏರಿದೆ. ಅಮರ ಚಿತ್ರ ಕಥೆಯ ಮರುಮುದ್ರಣಗಳಿಗೆ 501ರಿಂದ ಹೊಸ ಸಂಖ್ಯೆಯನ್ನೇ ಕೊಡಲಾಯಿತು. ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚಿನಲ್ಲಿ ಆರಂಭವಾಗಿ 1990ರಲ್ಲಿ ನಿಂತಿತು, ಆರಂಭದ ಬೆಲೆ 60 ಪೈಸೆ. ಅದರ 123 ಮತ್ತು 124ನೇ ಸಂಖ್ಯೆಗಳು ಮುದ್ರಣಾಲಯದವರ ಮುಷ್ಕರದಿಂದಾಗಿ ಹೊರಬರಲೇ ಇಲ್ಲ. ಇದನ್ನು ತಿಳಿಯದೆ ಆ ಎರಡಕ್ಕಾಗಿ ನಾಲ್ಕು ವರ್ಷ ಅಲೆದ ಮಹಾಶಯರಲ್ಲಿ ನಾನೂ ಒಬ್ಬ. ‘ಮುಂದಿನ ವಾರ ತರಿಸಿಕೊಡ್ತೀನಿ ಸಾರ್’ ಎಂದು ಭರವಸೆ ಕೊಟ್ಟ ವ್ಯಾಪಾರಿಯೂ ಒಬ್ಬ ಇದ್ದ. ಎರಡನೆಯದಾಗಿ, ಬೈಂಡ್ ಮಾಡಿಸಿದ ಸಂಪುಟಗಳು. ನಮ್ಮ ಮನೆಗಳಲ್ಲಿ ಶಿಸ್ತಿನ ತಂದೆಯರು ಹತ್ತು ಹನ್ನೆರಡು ಸಂಚಿಕೆಗಳನ್ನು ಸೇರಿಸಿ ಕ್ಯಾಲಿಕೊ ಬಟ್ಟೆಯ ಬೈಂಡು ಹಾಕಿಸುತ್ತಿದ್ದರು, ಬೈಂಡರನು ಅಂಚು ಸಮವಾಗಲೆಂದು ಮೂರು ಕಡೆಯೂ ಕತ್ತರಿಸಿಬಿಡುತ್ತಿದ್ದ. ಕೆಲವರು ರಕ್ಷಾಪುಟಗಳನ್ನೂ ಕಿತ್ತೆಸೆಯುತ್ತಿದ್ದರು. ಸಂಗ್ರಹಕಾರರ ಕಣ್ಣಿನಲ್ಲಿ ಅಂಥ ಸಂಪುಟದ ಬೆಲೆ ತೀರ ಇಳಿಯುತ್ತದೆ. ಆದರೂ ನನ್ನ ಅನುಭವದಲ್ಲಿ ಕನ್ನಡದ ಕಾಮಿಕ್ಸ್ ಬದುಕಿ ಉಳಿದಿರುವುದು ಹೆಚ್ಚಾಗಿ ಈ ಬೈಂಡುಗಳ ಒಳಗೇ, ಆದ್ದರಿಂದ ಆ ತಂದೆಯರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ಮಾರುವವರ ವಿಷಯಕ್ಕೂ ಒಂದು ಮಾತು. ಈಗ ಅಂತರ್ಜಾಲದಲ್ಲಿ, ತೊಂಬತ್ತರ ದಶಕದ ಸಾಮಾನ್ಯ ಮರುಮುದ್ರಣಗಳಿಗೂ ‘ಅಪರೂಪ’ ಎಂಬ ಪಟ್ಟಿ ಹಚ್ಚಿ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಕೇಳಿದ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ. ಅಲ್ಲಿನ ಅಂಕಿಯನ್ನು ನಂಬಿ ಯಾರೂ ಮಗಳ ಮದುವೆ ನಿಶ್ಚಯಿಸಬಾರದು. ಇನ್ನು ಕೊಳ್ಳುವವರು. ತೂಕಕ್ಕೆ ಕೊಂಡ ಗುಜರಿಯವನಿಂದ ಎರಡು ರೂಪಾಯಿಗೆ ಪುಸ್ತಕ ಪಡೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅದು ವ್ಯಾಪಾರ, ಅವನೂ ಲಾಭ ಮಾಡಿಕೊಂಡಿದ್ದಾನೆ. ಆದರೆ ಗಂಡ ತೀರಿಕೊಂಡ ಮೇಲೆ ಕಪಾಟು ಖಾಲಿ ಮಾಡುತ್ತಿರುವ ಹೆಣ್ಣುಮಗಳೊಬ್ಬಳ ಮನೆಗೆ ಹೋಗಿ, ಆ ಸಂಗ್ರಹದ ಬೆಲೆ ತಾನು ಬಲ್ಲವನಾಗಿಯೂ ಬಾಯಿ ಮುಚ್ಚಿಕೊಂಡು ಐನೂರು ರೂಪಾಯಿಗೆ ಹೊತ್ತು ತಂದು, ಸಂಗ್ರಹಕಾರನೊಬ್ಬ ಗೆಳೆಯರ ಮುಂದೆ ಅದನ್ನು ಸಾಹಸವೆಂಬಂತೆ ವರ್ಣಿಸುವುದನ್ನು ನಾನು ಕೇಳಿದ್ದೇನೆ. ಅದನ್ನು ಒಳ್ಳೆಯ ಬೇಟೆ ಎಂದು ಹೊಗಳಲು ನನ್ನಿಂದಾಗಲಿಲ್ಲ.

ಬೆಲೆಯ ಆಸೆಗಿಂತ ಭಿನ್ನವಾದ ಕೋರಿಕೆಯೊಂದಿಗೆ ನಾನು ಈ ಪತ್ರ ಬರೆಯುತ್ತಿದ್ದೇನೆ. ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಹಣದಲ್ಲಿ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಾಗಲಿ ಬೇರೆಡೆಯಾಗಲಿ ಕನ್ನಡ ಕಾಮಿಕ್ಸ್‌ಗೆಂದೇ ಒಂದು ಕಪಾಟು, ಅದಕ್ಕೊಂದು ಪಟ್ಟಿ, ಪುಟಗಳನ್ನು ಸ್ಕ್ಯಾನ್ ಮಾಡಲು ಒಬ್ಬ ಸಿಬ್ಬಂದಿ ಇರುವಂತಾದರೆ ಸಾಕು. ನನ್ನ ಬಳಿಯಿರುವ ಮುನ್ನೂರ ಹತ್ತು ಸಂಚಿಕೆಗಳನ್ನು ನಾನು ಅಲ್ಲಿಗೆ ಒಪ್ಪಿಸಲು ಸಿದ್ಧ. ಮನೆಯಲ್ಲಿ ಅವುಗಳನ್ನು ಕಾಯುವವರು ನನ್ನ ನಂತರ ಯಾರೂ ಇಲ್ಲ, ಮೊಮ್ಮಗನಿಗೆ ಕನ್ನಡ ಓದಲು ಬರುವುದಿಲ್ಲ. ಅಲ್ಲಿಯವರೆಗೆ ನಿಮ್ಮ ಓದುಗರು ಸಜ್ಜಾದ ಮೇಲಿನ ಪೆಟ್ಟಿಗೆಗಳನ್ನು ಒಮ್ಮೆ ಇಳಿಸಿ ನೋಡಬೇಕೆಂದು ವಿನಂತಿ. 1965ರ ಆ ಹತ್ತು ಕನ್ನಡ ಅಮರ ಚಿತ್ರ ಕಥೆಗಳಲ್ಲಿ ಒಂದಾದರೂ ಇದ್ದರೆ, ಅದನ್ನು ಮಾರಬೇಕಾಗಿಯೂ ಕೊಡಬೇಕಾಗಿಯೂ ಇಲ್ಲ. ಮುಖಪುಟ, ಹಿಂಬದಿಯ ಪುಟ ಮತ್ತು ಮುದ್ರಕರ ಹೆಸರಿರುವ ಪುಟ, ಈ ಮೂರರ ಚಿತ್ರ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ, ಪ್ರಕಟಿಸಲು ತಾವು ಅರ್ಧ ಪುಟದ ಜಾಗ ಕೊಡುವಿರೆಂಬ ನಂಬಿಕೆ ನನಗಿದೆ. ತುಕ್ಕು ಹಿಡಿದ ಪಿನ್ನನ್ನು ಎಳೆಯಬೇಡಿ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನೊಳಗೆ ಬಿಗಿದು ಬಿಸಿಲಿಗೆ ಇಡಬೇಡಿ. ಹಾಳೆ ಹರಿದಿದ್ದರೆ ಹಾಗೆಯೇ ಇರಲಿ, ದಯವಿಟ್ಟು ಸೆಲ್ಲೋ ಟೇಪ್ ಅಂಟಿಸಬೇಡಿ.

ಇಂತಿ,
ನಿವೃತ್ತ ಬ್ಯಾಂಕ್ ನೌಕರ,
ಹನುಮಂತನಗರ, ಬೆಂಗಳೂರು