ಗೇಟು ಏಳದಿದ್ದರೆ ದುಪ್ಪಟ್ಟು ಕೊಡಬೇಕೆ?

ಮಾನ್ಯರೇ,

ಟೋಲ್ ಪ್ಲಾಜಾದಲ್ಲಿ ಫಾಸ್ಟ್ಯಾಗ್ ಓದಲಿಲ್ಲ, ಗೇಟು ಏಳಲಿಲ್ಲ ಅಂದರೆ ಸಾಕು, ಹಿಂದಿನಿಂದ ಹಾರ್ನ್ ಶುರು. ಬೂತಿನಿಂದ ‘ಕ್ಯಾಶ್ ಕೊಡಿ, ಡಬಲ್ ಆಗುತ್ತೆ’ ಎಂಬ ಮಾತು ಬರುತ್ತದೆ. ತಪ್ಪು ತನ್ನದೇ ಇರಬೇಕೆಂದು ಚಾಲಕ ಕೊಟ್ಟು ಹೊರಡುತ್ತಾನೆ. ಕೊಡಬೇಕಾದ ಸಂದರ್ಭವೂ ಇದೆ, ಕೊಡಬೇಕಿಲ್ಲದ್ದೂ ಇದೆ. ಈ ವ್ಯತ್ಯಾಸ ಗೊತ್ತಿರುವವರು ಕಡಿಮೆ.

ಟ್ಯಾಗ್ ಚಾಲ್ತಿಯಲ್ಲಿದ್ದು, ಖಾತೆಯಲ್ಲಿ ಸಾಕಷ್ಟು ಹಣವಿದ್ದು, ಪ್ಲಾಜಾದ ಯಂತ್ರ ಕೆಟ್ಟಿರುವುದರಿಂದ ಹಣ ಕಡಿತವಾಗದಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕು, ‘ಝೀರೋ ಟ್ರಾನ್ಸಾಕ್ಷನ್’ ರಸೀದಿಯನ್ನೂ ಕೊಡಬೇಕು. ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಿಗೆ 2018ರಲ್ಲೇ ಇದು ಸೇರಿದೆ. ಟ್ಯಾಗ್ ಇಲ್ಲದಿದ್ದರೆ ಅಥವಾ ಬ್ಲ್ಯಾಕ್‌ಲಿಸ್ಟ್ ಆಗಿದ್ದರೆ, ಅಂದರೆ ಅದನ್ನು ತಡೆಹಿಡಿದಿದ್ದರೆ, ಮಾತ್ರ ದಂಡ. ಅಲ್ಲೂ 2025ರ ನವೆಂಬರ್ 15ರಿಂದ ಲೆಕ್ಕ ಬದಲಾಗಿದೆ: 100 ರೂಪಾಯಿ ಟೋಲ್‌ಗೆ ನಗದಾದರೆ 200, ಯುಪಿಐ ಮೂಲಕವಾದರೆ 125.

ದೋಷ ಯಾರದೆಂದು ನಿಂತ ಜಾಗದಲ್ಲೇ ತಿಳಿಯಬಹುದು. ಮೊದಲು ಬೂತಿನವರ ಕೈಸ್ಕ್ಯಾನರ್‌ನಿಂದ ಗಾಜಿನ ಮೇಲಿನ ಟ್ಯಾಗನ್ನು ಓದಿಸಿ. ಓದಿತೆಂದರೆ ಟ್ಯಾಗ್ ಕೆಟ್ಟಿಲ್ಲ ಎಂದರ್ಥ. ಮಾಮೂಲಿ ಟೋಲ್ ಕಡಿತವಾಗಿ ಗೇಟು ಏಳಬೇಕು, ದುಪ್ಪಟ್ಟಿನ ಮಾತೇ ಇಲ್ಲ. ‘ಬ್ಲ್ಯಾಕ್‌ಲಿಸ್ಟ್’ ಎಂದರೆ ಬಾಯಿಮಾತಿಗೆ ಒಪ್ಪಬೇಡಿ. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿದರೆ ಟ್ಯಾಗ್ ಸ್ಥಿತಿ ಕಾಣುತ್ತದೆ. ಅಲ್ಲಿ ‘ಆಕ್ಟಿವ್’ ಎಂದಿದ್ದು ಬ್ಯಾಂಕ್ ಆ್ಯಪ್‌ನಲ್ಲಿ ಹಣವೂ ಇದ್ದರೆ, ಎರಡರ ಸ್ಕ್ರೀನ್‌ಶಾಟ್ ತೋರಿಸಿ ಝೀರೋ ರಸೀದಿ ಕೇಳಿ. ಜಗ್ಗದಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ಹಾಗೆಂದು ಚಾಲಕರ ತಪ್ಪೇ ಇಲ್ಲವೆಂದಲ್ಲ. ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ಪ್ಲಾಜಾ ಚಾವಣಿಯ ಆಂಟೆನಾದಿಂದ ಬರುವ ರೇಡಿಯೊ ಅಲೆಯಲ್ಲೇ ಅದಕ್ಕೆ ಜೀವ ಬಂದು ಉತ್ತರ ಕೊಡಬೇಕು. ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿರುವ, ಪರ್ಸ್‌ನಲ್ಲಿ ಚಿಲ್ಲರೆ ಕಾಸಿನ ಜೊತೆಗಿರುವ ಟ್ಯಾಗ್ ಉತ್ತರ ಕೊಡುವುದು ಕಷ್ಟ. ಹೀಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗ್‌ಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡಲು 2025ರ ಜುಲೈನಲ್ಲೇ ಹೆದ್ದಾರಿ ಪ್ರಾಧಿಕಾರ ಆದೇಶಿಸಿದೆ. ಗಾಜಿನ ಒಳಬದಿ, ನಡುಮಧ್ಯೆ, ಒಳಕನ್ನಡಿಯ ಹಿಂದೆ ಅಂಟಿಸಬೇಕು. ಲೋಹ ಮಿಶ್ರಿತ ಸನ್‌ಫಿಲ್ಮ್ ಅಲೆಗಳನ್ನು ತಡೆಯುತ್ತದೆ. ಕಿತ್ತು ಮತ್ತೆ ಅಂಟಿಸಿದರೆ ಒಳಗಿನ ಎಳೆ ಹರಿದುಹೋಗುತ್ತದೆ. ಗಾಜು ಬದಲಿಸಿದರೆ ಹೊಸ ಟ್ಯಾಗ್ ಕೊಳ್ಳುವುದೇ ದಾರಿ. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋದರೆ ರೀಡರ್‌ಗೂ ಗೊಂದಲ.

ಶೋರೂಮಿನಿಂದ ಚಾಸಿ ನಂಬರ್ ಮೇಲೆ ಬಂದ ಟ್ಯಾಗ್‌ಗೆ 90 ದಿನದೊಳಗೆ ನೋಂದಣಿ ಸಂಖ್ಯೆ ಸೇರಿಸಲು ಮರೆಯುವವರು ಬಹಳ. ಹೊಸ ಕಾರಿನ ಟ್ಯಾಗ್ ಇದ್ದಕ್ಕಿದ್ದಂತೆ ನಿಲ್ಲುವುದಕ್ಕೆ ಹಲವು ಸಲ ಇದೇ ಕಾರಣ.

ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು ಬಂದಮೇಲೆ ಇನ್ನೊಂದು ಎಡವಟ್ಟು ಸೇರಿಕೊಂಡಿದೆ. ಪಾಸ್ ಇದೆಯಲ್ಲ ಎಂದು ವಾಲೆಟ್ (ಟ್ಯಾಗ್ ಖಾತೆ) ಖಾಲಿ ಬಿಡುತ್ತಾರೆ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ. ನೈಸ್ ರಸ್ತೆಗೆ, ರಾಜ್ಯ ಹೆದ್ದಾರಿಯ ಟೋಲ್‌ಗೆ ಇಳಿದರೆ ವಾಲೆಟ್‌ನಿಂದಲೇ ಹಣ ಹೋಗಬೇಕು. ಪಾಸ್‌ನಲ್ಲಿ ಸಿಗುವ 200 ಟ್ರಿಪ್ ಎಂದರೆ 200 ಪ್ರಯಾಣವೂ ಅಲ್ಲ: ಸಾಮಾನ್ಯವಾಗಿ ದಾಟಿದ ಪ್ರತಿ ಪ್ಲಾಜಾವೂ ಒಂದು ಟ್ರಿಪ್, ಹೋಗಿ ಬಂದರೆ ಎರಡು. ಕೆಲವು ರಾಜ್ಯ ರಸ್ತೆಗಳ ಪ್ಲಾಜಾಗಳಿಗೆ ರೀಚಾರ್ಜ್ ಮಾಡಿದ ಸುದ್ದಿ ತಕ್ಷಣ ತಲುಪುವುದಿಲ್ಲ. ಸಾಲಿನಲ್ಲಿ ನಿಂತು ಹಣ ತುಂಬುವ ಬದಲು ಮನೆಯಿಂದ ಹೊರಡುವಾಗಲೇ ತುಂಬುವುದು ವಾಸಿ.

ಮೊಬೈಲ್‌ಗೆ ಬರುವ ಕಡಿತದ ಸಂದೇಶವನ್ನು ಓದದೆ ಅಳಿಸುವುದೂ ನಷ್ಟವೇ. ಪಾಸ್ ಇಲ್ಲದವರು 24 ಗಂಟೆಯೊಳಗೆ ಅದೇ ಪ್ಲಾಜಾದಲ್ಲಿ ವಾಪಸ್ ಬಂದರೆ, ಹೋಗುವಾಗ 100 ಕಡಿತವಾಗಿದ್ದರೆ ಬರುವಾಗ 50 ಆಗಬೇಕು. ಎರಡು ಸಲವೂ 100 ಹೋಗಿದ್ದರೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಿ. ಕಾರು ಮನೆಯ ಮುಂದೆಯೇ ನಿಂತಿದ್ದರೂ ಎಲ್ಲೋ ದೂರದ ಟೋಲ್‌ನಿಂದ ಕಡಿತದ ಸಂದೇಶ ಬರುವುದುಂಟು. ಬೂತಿನಲ್ಲಿ ಯಾರದೋ ಗಾಡಿ ನಂಬರ್ ಕೈಯಿಂದ ತಪ್ಪಾಗಿ ಒತ್ತಿದಾಗ ಹೀಗಾಗುತ್ತದೆ. ಇಂಥ ಪ್ರತಿ ಸುಳ್ಳು ಕಡಿತಕ್ಕೂ ಟೋಲ್ ಸಂಗ್ರಹಿಸುವ ಸಂಸ್ಥೆಗೆ 1 ಲಕ್ಷ ರೂಪಾಯಿ ದಂಡವಿದೆ. ದೂರಿಗೆ ಪ್ಲಾಜಾದ ಹೆಸರು, ದಿನಾಂಕ, ಸಮಯ ಬೇಕು; ಮೂರೂ ಆ ಸಂದೇಶದಲ್ಲೇ ಇರುತ್ತವೆ.

ಹೆದ್ದಾರಿ ಪ್ರಾಧಿಕಾರದಲ್ಲಿ ಒಂದು ಕೋರಿಕೆ. ಝೀರೋ ಟ್ರಾನ್ಸಾಕ್ಷನ್ ನಿಯಮ, ಯುಪಿಐನ 1.25 ಪಟ್ಟು ದರ, 24 ಗಂಟೆಯ ರಿಯಾಯಿತಿ, 1033, ಈ ನಾಲ್ಕನ್ನು ಕರ್ನಾಟಕದ ಪ್ರತಿ ಪ್ಲಾಜಾದಲ್ಲೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಲಿ. ಫಲಕ ಬೂತಿನ ಪಕ್ಕ ಬೇಡ. ಲೇನ್‌ಗಳು ಕವಲೊಡೆಯುವ ಮೊದಲೇ ಇರಲಿ. ಗೇಟಿನ ಮುಂದೆ ನಿಂತವನಿಗೆ, ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುವಾಗ, ಫಲಕ ಓದುವ ವ್ಯವಧಾನ ಎಲ್ಲಿಂದ ಬರಬೇಕು?

– ಚಾಲನಾ ತರಬೇತುದಾರ, ಮಂಡ್ಯ