ಇನ್‌ಲ್ಯಾಂಡ್ ಲೆಟರ್ ಮತ್ತು ಕೈಗಡಿಯಾರ

ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕಿರುಚಿತ್ರಕ್ಕೆ ನೀನು ಕಳಿಸಿದ ಪ್ರಾಪರ್ಟಿ ಪಟ್ಟಿ, ಅಂದರೆ ಸೆಟ್ಟಿಗೆ ಬೇಕಾದ ಸಾಮಾನಿನ ಪಟ್ಟಿ, ನೋಡಿದೆ. 10 ನಿಮಿಷದ ಸಿನಿಮಾಕ್ಕೆ 41 ಸಾಮಾನು! ಮನೆ ತುಂಬಿಸೋ ಯೋಚನೆ ಬಿಡು. ಅಜ್ಜಿಮನೆಯಲ್ಲೇ ಶೂಟಿಂಗ್ ಅಂದಮೇಲೆ ತರೋದಕ್ಕಿಂತ ತೆಗೆಯೋ ಕೆಲಸವೇ ಜಾಸ್ತಿ. ಪ್ಲಾಸ್ಟಿಕ್ ಬಕೆಟ್, ಗೋಡೆ ಮೇಲಿನ ಕ್ಯಾಲೆಂಡರ್, ಡಿಶ್‌ನ ವೈರು, ಎಲ್ಲ ಹೊರಗೆ ಹೋಗಲಿ.

ನಿನ್ನ ಕತೆ ನಿಂತಿರೋದು ಅಜ್ಜನಿಗೆ ಮಗನಿಂದ ಬರೋ ಒಂದು ಕಾಗದದ ಮೇಲೆ. ದುಡ್ಡು, ಸಮಯ ಎರಡನ್ನೂ ಅದಕ್ಕೇ ಸುರಿ. ಕತೆ ನಡೆಯೋದು 1971ರಲ್ಲಿ ತಾನೆ? ಈಗಿನ ಇನ್‌ಲ್ಯಾಂಡ್ ಲೆಟರ್ ತಂದರೆ ಅದರಲ್ಲಿ ಪಿನ್‌ಕೋಡಿನ ಚೌಕಗಳಿರುತ್ತವೆ. ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ವಿಳಾಸದಲ್ಲಿ 'ಕರ್ನಾಟಕ' ಅಂತಲೂ ಬರೀಬೇಡ. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅಲ್ಲೀವರೆಗೆ ಮೈಸೂರು ರಾಜ್ಯ. ಅಜ್ಜ ಕಾಗದ ಹರಿಯೋ ಸೀನ್ ಇದೆ ಅಂದೆಯಲ್ಲ, ಒಂದೇ ಪ್ರತಿ ಇಟ್ಟುಕೊಂಡರೆ ಮೊದಲ ಟೇಕಿಗೇ ಮುಗೀತು. ಕನಿಷ್ಠ ಆರು ಮಾಡಿಸು, ಆರರಲ್ಲೂ ಒಂದೇ ಕೈಬರಹ, ಒಂದೇ ಮಡಿಕೆ ಇರಲಿ. ಒಳಗೆ ಪೂರ್ತಿ ಕಾಗದ ಬರೆಸು. ಕ್ಯಾಮೆರಾಕ್ಕೆ ಕಾಣದಿದ್ದರೂ ಓದೋ ನಟನ ಕಣ್ಣು ಖಾಲಿ ಹಾಳೆ ಮೇಲೆ ಓಡೋದೇ ಬೇರೆ ಥರ. ಅಂಗಿಗೆ ಸಿಕ್ಕಿಸೋ ಪುಟ್ಟ ಲ್ಯಾಪೆಲ್ ಮೈಕ್ ಹಾಕ್ತೀರಾದರೆ ಕಾಗದದ ಪರಪರ ಸದ್ದು ಮಾತನ್ನೇ ನುಂಗುತ್ತೆ, ಮೊದಲೇ ಕೇಳಿ ನೋಡಿ.

ಅಜ್ಜನ ಕೈಗೆ ಎಚ್‌ಎಂಟಿ ವಾಚ್ ಕೊಟ್ಟದ್ದು ಒಳ್ಳೆಯದಾಯ್ತು. ಬರೀ ಕಟ್ಟಿಸಿ ಬಿಡಬೇಡ, ಕೀ ಕೊಡಿಸು. ಕಾಯೋ ಮುದುಕ ದಿನಾ ಬೆಳಿಗ್ಗೆ ವಾಚಿಗೆ ಕೀ ಕೊಡ್ತಾನೆ ಅಂತಾದರೆ ಎರಡು ಡೈಲಾಗು ಉಳೀತು. ಆ ಶಾಟನ್ನು ಮಾತ್ರ ಕೊನೆಗೆ ಇಟ್ಟುಕೋ. ಅಲ್ಲೀವರೆಗೆ ವಾಚ್ ನಿಂತೇ ಇರಲಿ, ಸೀನಿಗೆ ಬೇಕಾದ ಟೈಮಿಗೆ ಮುಳ್ಳು ತಿರುಗಿಸಿಟ್ಟರಾಯ್ತು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಗಂಟೆ ಹಿಂದೆ ಮುಂದೆ ಕುಣಿಯುತ್ತೆ. ಮೂರು ದಿನ ಮುಂಚೆಯೇ ವಾಚನ್ನೂ ಕನ್ನಡಕವನ್ನೂ ನಟನ ಮನೆಗೆ ಕಳಿಸು, ಕೈಗೆ ರೂಢಿಯಾಗಲಿ.

ನಾನು ಪಾಠ ಕಲಿತದ್ದು ಒಂದು ಲೋಟದಿಂದ. ಸ್ವಾತಂತ್ರ್ಯ ಹೋರಾಟದ ಕತೆಯ ಕಿರುಚಿತ್ರಕ್ಕೆ ನಮ್ಮನೆಯಿಂದಲೇ ಲೋಟ ಒಯ್ದಿದ್ದೆ. ಕ್ಲೋಸಪ್ಪಿನಲ್ಲಿ ನೋಡಿದರೆ ಅದರ ಮೇಲೆ ನಿಮ್ಮತ್ತೆಯ ಹೆಸರು, ನಮ್ಮ ಮದುವೆ ತಾರೀಖು, 1988! ಡೈರೆಕ್ಟರ್ ಬೈಯಲಿಲ್ಲ, ನಕ್ಕರು. ಅದೇ ಹೆಚ್ಚು ನೋಯಿಸಿತು. ಕಡ ತಂದ ಪಾತ್ರೆ ತಿರುಗಿಸಿ ನೋಡದೆ ಸೆಟ್ಟಿಗೆ ಇಡಬೇಡ. ನಿನಗೆ ಸ್ಟೀಲ್ ಬೇಡವೇ ಬೇಡ, ಅಟ್ಟದ ಮೇಲೆ ಹಿತ್ತಾಳೆ ಲೋಟಗಳಿವೆ. ಹುಣಸೆಹಣ್ಣು ಹಾಕಿ ಫಳಫಳ ಉಜ್ಜಬೇಡ, ದಿನಾ ಬಳಸೋ ಪಾತ್ರೆ ಹಾಗಿರಲ್ಲ. ಪ್ರತಿ ಶಾಟ್ ಮುಗಿದ ತಕ್ಷಣ ಫೋನಿನಲ್ಲಿ ಫೋಟೋ ಹೊಡಿ. ಕಾಫಿ ಎಷ್ಟಿತ್ತು, ಕಾಗದ ಯಾವ ಕೈಯಲ್ಲಿತ್ತು ಅನ್ನೋದು ಊಟವಾದ ಮೇಲೆ ಯಾರಿಗೂ ನೆನಪಿರಲ್ಲ.

ನಿನ್ನ ಪಟ್ಟಿಯಲ್ಲಿರೋ ಮಚ್ಚಿನ ವಿಷಯದಲ್ಲಿ ಚೌಕಾಶಿ ಇಲ್ಲ. ಮರದ್ದು ಕೆತ್ತಿಸಿ ಬಣ್ಣ ಹೊಡೆಸು, ನಿಜವಾದದ್ದು ಆ ದಿನ ಮನೆಯಲ್ಲೇ ಇರಬಾರದು.

ನೀನು ಕೇಳಿದ ಟ್ರಂಕನ್ನು ಶುಕ್ರವಾರದ ಬಸ್ಸಿಗೆ ಹಾಕ್ತೀನಿ. ಬೀಗದ ಕೈ ಕಳೆದು ವರ್ಷಗಳಾದವು. ಒಡೆಯೋಕೆ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳು, ಒಳಗೇನಿದೆ ಅಂತ ಅವರಿಗೆ ಮಾತ್ರ ಗೊತ್ತು.

ನಿನ್ನ ಮಾವ